ಈಟಿಮೂತಿ ತಿನ್ನಬಹುದಾ?

ಜಟ್ಟಯ್ಯ ಗುರುಗಳು ಒಂದು ಸಲಕ್ಕೆ ಒಬ್ಬರಿಗೇ ಕಲಿಸುತ್ತಿದ್ದರು. ಅವರ ದೋಣಿಯಲ್ಲಿ ಇಬ್ಬರಿಗಿಂತ ಹೆಚ್ಚು ಜನ ಕೂರಲು ಜಾಗವಿರಲಿಲ್ಲ, ಅಷ್ಟೇ ಕಾರಣ. ಆದರೆ ಜನ ಅದಕ್ಕೂ ಏನೇನೋ ಆಳವಾದ ಅರ್ಥ ಹೇಳುತ್ತಿದ್ದರು.

ಹೊಳೆ ಕಡಲು ಸೇರುವಲ್ಲಿ ಒಂದು ಮರಳ ದಿಬ್ಬ. ದಿಬ್ಬದ ಮೇಲೆ ಅವರ ಗುಡಿಸಲು. ಊರವರು ಅದನ್ನು ಆಶ್ರಮ ಎನ್ನುತ್ತಿದ್ದರು. ಒಳಗೆ ಇದ್ದದ್ದು ಎರಡು ಈಟಿ, ಒಂದು ತಾಮ್ರದ ಹಂಡೆ, ಒಂದು ಚಾಪೆ.

ಅವರು ಕಲಿಸುತ್ತಿದ್ದದ್ದು ಒಂದೇ ವಿದ್ಯೆ. ಉಸಿರು ಹಿಡಿದು ನೀರಿನಡಿಗೆ ಇಳಿದು ಈಟಿಯಿಂದ ಮೀನು ಹೊಡೆಯುವುದು.

ಸುಗಂಧಿ ಅವರ ಹತ್ತಿರ ಬಂದಾಗ ಅವಳಿಗೆ ಇಪ್ಪತ್ತೊಂಬತ್ತು. ಹತ್ತು ವರ್ಷ ತಲೆಯ ಮೇಲೆ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿದವಳು. ಬುಟ್ಟಿ ಇಳಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಅವರ ಎದುರು ಕುಳಿತಳು.

"ಹೊತ್ತದ್ದು ಸಾಕಾಯಿತು. ಇನ್ನು ಹಿಡಿಯಬೇಕು. ಕಲಿಸಿ," ಎಂದಳು.

"ನಿನಗೆ ಎಂತ ಗೊತ್ತುಂಟು?"

"ಮೀನಿನ ವಿಷಯ ಎಲ್ಲ ಗೊತ್ತುಂಟು. ಕಿವಿರು ನೋಡಿದರೆ ಸಾಕು, ಇವತ್ತಿನದಾ ನಿನ್ನೆಯದಾ ಹೇಳ್ತೇನೆ. ಹತ್ತು ವರ್ಷದಲ್ಲಿ ಒಬ್ಬ ಗಿರಾಕಿಗೂ ಗೊತ್ತಿಲ್ಲ ಅಂತ ಹೇಳಿದವಳಲ್ಲ ನಾನು."

"ಗೊತ್ತಿಲ್ಲದೇ ಇದ್ದಾಗ?"

"ಆಗಲೂ ಹೇಳಲಿಲ್ಲ."

ಗುರುಗಳು ಜೋರಾಗಿ ನಕ್ಕರು. ಹಂಡೆಗೆ ನೀರು ತುಂಬಿಸಿ ಅವಳ ಮುಂದಿಟ್ಟರು.

"ಇದರಲ್ಲಿ ಮುಖ ಇಡು."

ಅವಳು ಇಟ್ಟಳು. ಅರ್ಧ ನಿಮಿಷಕ್ಕೆ ಕೆಮ್ಮುತ್ತಾ ಎದ್ದಳು.

"ಎಂತ ಕಂಡಿತು?"

"ಹಂಡೆಯ ತಳ. ಅಲ್ಲೊಂದು ತೂತು ಮುಚ್ಚಿಸಿದ್ದೀರಿ."

"ನಾಳೆ ಬಾ."

ಮರುದಿನವೂ ಹಂಡೆ. ಅದರ ಮರುದಿನವೂ ಹಂಡೆ. ಆರು ವಾರ ಅವಳು ಬೆಳಿಗ್ಗೆ ಬುಟ್ಟಿ ಖಾಲಿ ಮಾಡಿ ಬರುವುದು, ಹಂಡೆಯಲ್ಲಿ ಮುಖ ಮುಳುಗಿಸುವುದು, ಅವರು ಅದೇ ಪ್ರಶ್ನೆ ಕೇಳುವುದು. ಅವಳು ದಿನಕ್ಕೊಂದು ಹೊಸ ಉತ್ತರ ಕೊಟ್ಟಳು. ನೀರು ಕಂಡಿತು ಎಂದಳು. ನನ್ನ ಮೂಗು ಕಂಡಿತು ಎಂದಳು. ಒಂದು ದಿನ ದೇವರು ಕಂಡ ಎಂದೂ ಹೇಳಿ ನೋಡಿದಳು.

"ನಾಳೆ ಬಾ," ಎಂದರು ಗುರುಗಳು. "ದೇವರಿಗೂ ಬರಲು ಹೇಳು."

ಏಳನೆಯ ವಾರ ಅವಳು ಎರಡು ನಿಮಿಷ ದಾಟಿದ ಮೇಲೆ ನಿಧಾನವಾಗಿ ತಲೆ ಎತ್ತಿದಳು.

"ಎಂತ ಕಂಡಿತು?"

"ಎಂತದೂ ಇಲ್ಲ. ಕಣ್ಣು ಮುಚ್ಚಿಕೊಂಡಿದ್ದೆ. ಹಾಯಾಗಿತ್ತು."

"ನಾಳೆ ಕಡಲಿಗೆ," ಎಂದರು ಗುರುಗಳು.

*

ಒಂದು ಗಂಟೆ ಹುಟ್ಟು ಹಾಕಿದರೆ ಕಪ್ಪು ಬಂಡೆಗಳ ಒಂದು ನಡುಗಡ್ಡೆ. ಅದರ ಬುಡದಲ್ಲಿ ಹವಳ ಬೆಳೆದಿತ್ತು. ದೀಪಾವಳಿ ಕಳೆದಿದ್ದರಿಂದ ನೀರು ತಿಳಿಯಾಗಿತ್ತು. ಕೆಳಗೆ ಬಿದ್ದ ಬಿಸಿಲೂ ಕಾಣುತ್ತಿತ್ತು.

"ಮೂಗುತಿ, ಕಾಲ್ಗೆಜ್ಜೆ, ಬಳೆ ಎಲ್ಲ ತೆಗೆ," ಎಂದರು ಗುರುಗಳು.

"ಎಂತಕ್ಕೆ? ವೈರಾಗ್ಯಕ್ಕಾ?"

"ಅಲ್ಲ. ಕೆಳಗೆ ಒಬ್ಬ ಇದ್ದಾನೆ. ಮಿನುಗುವುದೆಲ್ಲ ಅವನಿಗೆ ಮೀನು."

ಅವಳು ಎಲ್ಲ ಬಿಚ್ಚಿ ಎಲೆಯಡಿಕೆ ಡಬ್ಬಿಗೆ ಹಾಕಿ ನೀರಿಗಿಳಿದಳು.

ಮೊದಲು ಕಂಡದ್ದು ಮರಿಗಳು. ಮೊಳದುದ್ದ, ತೆಳ್ಳಗೆ, ಬೆಳ್ಳಿಯ ಬಣ್ಣ. ನೂರಾರು ಮೀನು ಒಟ್ಟಿಗೆ ತಿರುಗುತ್ತಿದ್ದವು. ಆಮೇಲೆ, ಬಂಡೆಯ ನೆರಳಿನಲ್ಲಿ, ಅವನು. ಒಬ್ಬನೇ. ನಾಲ್ಕೂವರೆ ಅಡಿಯ ಮರದ ದಿಮ್ಮಿಯಂತೆ ಅಲುಗಾಡದೆ ನಿಂತಿದ್ದ. ಕೆಳದವಡೆ ಮುಂದೆ ಚಾಚಿತ್ತು. ಹಲ್ಲು ಬಾಯೊಳಗೆ ಹಿಡಿಸದೆ ಹೊರಗೇ ಕಾಣುತ್ತಿತ್ತು. ಒಂದು ಕಣ್ಣು ಅವಳನ್ನೇ ನೋಡುತ್ತಿತ್ತು.

ಪೇಟೆಯವರು ಅದನ್ನು ಬರಾಕುಡಾ ಎನ್ನುತ್ತಾರೆ. ಆ ಕೇರಿಯಲ್ಲಿ ಮರಿಗೂ ದೊಡ್ಡದಕ್ಕೂ ಈಟಿಮೂತಿ ಎಂದೇ ಹೆಸರು.

ಅವಳು ದೋಣಿ ಹಿಡಿದು ಏದುಸಿರು ಬಿಟ್ಟಳು.

"ಗುರುಗಳೇ, ಅದನ್ನು ತಿನ್ನಬಹುದಾ?"

"ಅಷ್ಟು ಚಂದ ನೋಡಿ ಬಂದವಳು ಮೊದಲು ಕೇಳಿದ್ದು ಇದನ್ನಾ?"

"ಮೀನು ಮಾರುವವಳು ಮತ್ತೆಂತ ಕೇಳಬೇಕು?"

"ಅದೂ ಹೌದು." ಗುರುಗಳು ಎಲೆಗೆ ಸುಣ್ಣ ಹಚ್ಚಿದರು. "ಮೊಳದುದ್ದದ್ದನ್ನು ನಾನು ತಿಂತೇನೆ. ಹುಣಸೆಹುಳಿ ಹಾಕಿ ಸಾರು ಮಾಡಿದರೆ ಎರಡು ತುತ್ತು ಹೆಚ್ಚೇ ಹೋಗ್ತದೆ."

"ಆ ದೊಡ್ಡದನ್ನು?"

"ತಿನ್ನಲ್ಲ."

"ರುಚಿ ಇಲ್ಲವಾ?"

"ರುಚಿ ಉಂಟು."

"ಮತ್ತೆಂತಕ್ಕೆ?"

ಗುರುಗಳು ನೀರಿನ ಕಡೆ ಬೆರಳು ತೋರಿಸಿದರು.

"ಹವಳದ ಮೇಲೆ ಪಾಚಿ ಉಂಟು. ಕೆಲವು ಕಡೆ, ಕೆಲವು ಸಲ, ಅದರಲ್ಲಿ ಕಣ್ಣಿಗೆ ಕಾಣದ ವಿಷ ಇರ್ತದೆ. ಸಣ್ಣ ಮೀನು ಪಾಚಿ ಮೇಯ್ತದೆ. ಅದನ್ನು ಅದಕ್ಕಿಂತ ದೊಡ್ಡದು ತಿಂತದೆ. ಇವನು ಎಲ್ಲರನ್ನೂ ತಿಂತಾನೆ, ವರ್ಷಗಟ್ಟಲೆ. ಎಲ್ಲರ ಹೊಟ್ಟೆಯದ್ದೂ ಇವನ ಮಾಂಸದಲ್ಲಿ ಬಂದು ಕೂತಿರಬಹುದು."

"ಅವನಿಗೆ ಎಂತದೂ ಆಗಲ್ಲವಾ?"

"ಆಗಲ್ಲ. ಅವನಿಗೂ ಗೊತ್ತಿರಲ್ಲ."

"ದೊಡ್ಡದು ಎಲ್ಲದರಲ್ಲೂ ವಿಷ ಉಂಟಾ?"

"ಇಲ್ಲ. ಎಷ್ಟೋ ಜನ ತಿಂದು ಕೈ ತೊಳೆದು ಹೋಗಿದ್ದಾರೆ."

"ವಾಸನೆ ಬರ್ತದಾ?"

"ಇಲ್ಲ."

"ಬಣ್ಣ?"

"ಇಲ್ಲ."

"ಚೆನ್ನಾಗಿ ಬೇಯಿಸಿದರೆ?"

"ಬೇಯಿಸಿದ ವಿಷ ಆಗ್ತದೆ."

"ಹುರಿದರೆ? ಉಪ್ಪು ಹಾಕಿ ಒಣಗಿಸಿದರೆ?"

"ಹುರಿದ ವಿಷ. ಒಣಗಿದ ವಿಷ."

"ಮೊಳದುದ್ದದ್ದರಲ್ಲಿ ಇಲ್ಲ ಅಂತ ಗ್ಯಾರಂಟಿಯಾ?"

"ಗ್ಯಾರಂಟಿ ಇಲ್ಲ. ಹೆದರಿಕೆ ಕಡಿಮೆ, ಅಷ್ಟೇ."

ಅವಳಿಗೆ ಸಿಟ್ಟು ಬಂತು. "ಮತ್ತೆ ಗೊತ್ತಾಗುವುದು ಹೇಗೆ?"

"ಗೊತ್ತಾಗಲ್ಲ."

"ಇದೆಂಥ ಉತ್ತರ! ಇಂಥ ಉತ್ತರ ಕೊಟ್ಟಿದ್ದರೆ ನನ್ನ ಬುಟ್ಟಿಯ ಮೀನು ಬುಟ್ಟಿಯಲ್ಲೇ ಕೊಳೀತಿತ್ತು."

"ಹೌದು," ಎಂದು ಗುರುಗಳು ಎಲೆ ಮಡಚಿ ಬಾಯಿಗೆ ಹಾಕಿಕೊಂಡರು. ಮತ್ತೆ ಅವರು ಮಾತಾಡುವ ಹಾಗಿರಲಿಲ್ಲ.

*

ವರ್ಷ ಒಂದು ಕಳೆಯಿತು. ಸುಗಂಧಿ ಈಟಿ ಹಿಡಿದಳು. ಮೊದಲ ತಿಂಗಳು ಅವಳು ಹೊಡೆದದ್ದು ಬರೀ ಬಂಡೆ. ಎರಡು ಈಟಿಯ ಮೊನೆ ಮುರಿಯಿತು. ಗುರುಗಳು ಅವನ್ನು ಕೂತು ಅರದಿಂದ ತಿಕ್ಕಿ ಸರಿ ಮಾಡಿದರು.

ಆಮೇಲೆ ಕೈ ಕುದುರಿತು. ಬಂಡೆಯ ಸಂದಿನ ಮೀನು ಮುರು ಹೊಡೆದಳು, ಕೊಕ್ಕರ ಮೀನು ಹೊಡೆದಳು. ಬುಟ್ಟಿ ಹೊರುವುದನ್ನು ಬಿಟ್ಟಳು. ಕೇರಿಯ ಗಂಡಸರು ಮೊದಲು ನಕ್ಕರು, ಆಮೇಲೆ ನಗುವುದು ಬಿಟ್ಟರು, ಆಮೇಲೆ ತಮ್ಮ ಮನೆಯ ಹೆಣ್ಣುಮಕ್ಕಳಿಗೂ ಕಲಿಸುತ್ತೀಯಾ ಎಂದು ಕೇಳತೊಡಗಿದರು.

ಗುರುಗಳು ಹೊಗಳಲಿಲ್ಲ. ಒಂದೇ ಮಾತು ಹೇಳುತ್ತಿದ್ದರು.

"ನೀರೊಳಗೆ ಕೇಳಬೇಕಾದ ಪ್ರಶ್ನೆ ಎರಡು. ಹೊಡೆಯಲಿಕ್ಕೆ ಆಗ್ತದಾ? ಹೊಡೆಯಬೇಕಾ?"

"ಒಂದೇ ಉಸಿರಲ್ಲಿ ಎರಡು ಪ್ರಶ್ನೆ ಕೇಳಲಿಕ್ಕೆ ಸಮಯ ಎಲ್ಲಿದೆ?"

"ಅದಕ್ಕೇ ಹಂಡೆ ಇಟ್ಟದ್ದು."

ಆ ಚಳಿಗಾಲ ಅವಳ ಅಣ್ಣ ಪುರಂದರ ಹೊಸ ದೋಣಿ ಕಟ್ಟಿಸಿದ. ಅದನ್ನು ನೀರಿಗಿಳಿಸುವ ದಿನ ಇಡೀ ಕೇರಿಗೆ ಊಟ. ಎಲೆ ಲೆಕ್ಕ ಹಾಕಿದರೆ ಅರವತ್ತು ಜನ.

"ಅನ್ನ, ಉಪ್ಪಿನಕಾಯಿ ನಿನ್ನದು," ಎಂದಳು ಸುಗಂಧಿ ಅಣ್ಣನಿಗೆ. "ಮೀನು ನನ್ನದು. ಬಲೆಯ ಮೀನಲ್ಲ. ಈಟಿಯ ಮೀನು. ಅರವತ್ತು ಎಲೆಗೂ."

ಕೇರಿಯೆಲ್ಲ ಕೇಳುವ ಹಾಗೆ ಹೇಳಿದಳು. ಹೇಳಿದ ಮೇಲೆ ಸಂಜೆ ಗುರುಗಳ ಹತ್ತಿರ ಬಂದು, "ಹೇಳಿಬಿಟ್ಟೆ," ಎಂದಳು.

"ಕಡಲಿಗೂ ಹೇಳಿದೆಯಾ?" ಎಂದು ಕೇಳಿದರು ಗುರುಗಳು.

*

ಕಡಲಿಗೆ ಹೇಳಿರಲಿಲ್ಲ. ಊಟಕ್ಕೆ ಎರಡು ದಿನ ಇರುವಾಗ ಗಾಳಿ ಎದ್ದು ನೀರು ಕಲಕಿತು. ತನ್ನ ಕೈಯೇ ತನಗೆ ಕಾಣದಷ್ಟು ಕೆಸರು. ಎರಡೂ ದಿನ ಅವಳು ಬರಿಗೈಯಲ್ಲಿ ಬಂದಳು.

ಮೂರನೆಯ ದಿನ, ಊಟದ ದಿನವೇ, ಬೆಳಕು ಹರಿಯುವಾಗ ಗಾಳಿ ನಿಂತಿತ್ತು. ಗುರುಗಳು ಮಾತಿಲ್ಲದೆ ಹುಟ್ಟು ಹಾಕಿದರು. ನಡುಗಡ್ಡೆಯ ಹತ್ತಿರ ನೀರು ಪೂರ್ತಿ ತಿಳಿಯಾಗಿರಲಿಲ್ಲ. ಇಪ್ಪತ್ತು ಸಲ ಇಳಿದಳು. ಮುರು ಇಲ್ಲ, ಕೊಕ್ಕರ ಇಲ್ಲ. ಮರಿಗಳ ಹಿಂಡು ಕೂಡ ಎಲ್ಲಿಗೋ ಹೋಗಿತ್ತು.

ಇಪ್ಪತ್ತೊಂದನೆಯ ಸಲ ಅವನು ಕಂಡ.

ಅದೇ ಬಂಡೆ, ಅದೇ ನೆರಳು. ಇಷ್ಟು ಹತ್ತಿರ ಅವಳು ಯಾವತ್ತೂ ಬಂದಿರಲಿಲ್ಲ. ಒಂದು ಈಟಿಯಷ್ಟೇ ದೂರ. ಅವಳ ತಲೆಯಲ್ಲಿ ಅರವತ್ತು ಎಲೆ ಸುತ್ತುತ್ತಿತ್ತು. ಹೊಡೆಯಲಿಕ್ಕೆ ಆಗುತ್ತದಾ? ಆಗುತ್ತದೆ. ಎರಡನೆಯ ಪ್ರಶ್ನೆಯೂ ಬಾಗಿಲ ತನಕ ಬಂದಿತ್ತು. ಅವಳು ಬಾಗಿಲು ತೆರೆಯಲಿಲ್ಲ.

ಈಟಿಯ ಹಿಂದೆ ಎಳೆದು ಹಿಡಿದಿದ್ದ ರಬ್ಬರು ಬಿಟ್ಟಳು.

ಈಟಿ ತಲೆಯ ಹಿಂದೆ, ಹೊಡೆಯಬೇಕಾದಲ್ಲಿಯೇ ಹೊಕ್ಕಿತು. ಅವನು ಒಮ್ಮೆ ಮೈ ಕೊಡವಿದ. ಈಟಿಗೆ ಕಟ್ಟಿದ ಹಗ್ಗ ಅವಳ ಅಂಗೈಯ ಚರ್ಮ ಕಿತ್ತುಕೊಂಡು ಓಡಿತು. ಹಗ್ಗದ ತುದಿಗೆ ಕಟ್ಟಿದ್ದ ಪ್ಲಾಸ್ಟಿಕ್ ಕ್ಯಾನು ನೀರಿನ ಮೇಲೆ ಹುಚ್ಚು ಹಿಡಿದ ಹಾಗೆ ಓಡಾಡಿತು, ಎರಡು ಸಲ ಮುಳುಗಿ ಎದ್ದಿತು. ಅರ್ಧ ಗಂಟೆಯ ಮೇಲೆ ಅದು ನಿಂತಿತು.

ಇಬ್ಬರೂ ಸೇರಿ ಅವನನ್ನು ದೋಣಿಗೆ ಎಳೆದರು. ಗುರುಗಳು ಬಗ್ಗಿ ಗಾಯ ನೋಡಿದರು.

"ಒಳ್ಳೆ ಗುರಿ," ಎಂದರು. ವರ್ಷದಲ್ಲಿ ಮೊದಲ ಸಲ.

ಅವಳಿಗೆ ಕುಣಿಯಬೇಕೆನಿಸಿತು. ದೋಣಿ ಸಣ್ಣದಾದ್ದರಿಂದ ಕೂತಳು.

ಅರ್ಧ ದಾರಿ ಬಂದ ಮೇಲೆ ಕುಣಿಯಬೇಕೆನ್ನುವುದು ತಾನಾಗಿಯೇ ಹೋಯಿತು. ಅವಳು ಮೀನಿನ ಕಡೆ ನೋಡಿದಳು, ಗುರುಗಳ ಕಡೆ ನೋಡಿದಳು.

"ಇದನ್ನು ತಿನ್ನಬಹುದು ಅಲ್ಲವಾ?"

ಗುರುಗಳು ಹುಟ್ಟು ಹಾಕುತ್ತಿದ್ದರು.

"ಎಷ್ಟೋ ಜನ ತಿಂದು ಕೈ ತೊಳೆದು ಹೋಗಿದ್ದಾರೆ ಅಂತ ನೀವೇ ಹೇಳಿದ್ದು."

"ಹೇಳಿದ್ದೇನೆ."

"ಹಾಗಾದರೆ ತಿನ್ನಬಹುದು."

"ನಾನು ಹೇಳಿದ್ದರಲ್ಲಿ ಅರ್ಧ ನಿನಗೆ ನೆನಪುಂಟು," ಎಂದರು ಗುರುಗಳು. "ಮೀನೂ ನಿನ್ನದು, ಬಾಯಿಯೂ ನಿನ್ನದು."

*

ದಡದಲ್ಲಿ ಕೇರಿಯೇ ನೆರೆದಿತ್ತು. ಹೊಸ ದೋಣಿಗೆ ಮಾವಿನೆಲೆ, ಸೇವಂತಿಗೆ. ಸುಗಂಧಿ ಮೀನನ್ನು ಎತ್ತಿ ತೋರಿಸಿದಾಗ ಎದ್ದ ಕೂಗಿಗೆ ತೆಂಗಿನ ಮರದ ಕಾಗೆಗಳೆಲ್ಲ ಹಾರಿದವು.

"ನನ್ನ ತಂಗಿ!" ಎಂದು ಪುರಂದರ ಸಿಕ್ಕಸಿಕ್ಕವರಿಗೆಲ್ಲ ಹೇಳಿದ, ಅವರಿಗೆ ಗೊತ್ತೇ ಇಲ್ಲದ ಹಾಗೆ.

ಅಡಿಗೆಯ ಉಸ್ತುವಾರಿ ದುಗ್ಗಜ್ಜಿಯದು. ಎಪ್ಪತ್ತೈದು ವರ್ಷ, ನಾಲ್ಕು ಹಲ್ಲು, ಊರಿಗೆಲ್ಲ ಕೇಳುವ ಗಂಟಲು. ಅವಳು ಮೀನಿನ ಸುತ್ತ ಒಂದು ಪ್ರದಕ್ಷಿಣೆ ಬಂದಳು.

"ಇಷ್ಟು ದೊಡ್ಡದರಲ್ಲಿ ನಂಜು ಇರ್ತದೆ ಅಂತ ನಮ್ಮ ಅತ್ತೆ ಹೇಳ್ತಿದ್ದರು," ಎಂದಳು. "ಆದರೆ ಹೆದರಬೇಡಿ. ಪರೀಕ್ಷೆ ಮಾಡಲಿಕ್ಕೆ ನನಗೆ ಬರ್ತದೆ."

ಒಂದು ತುಂಡನ್ನು ನೆಲದ ಮೇಲಿಟ್ಟಳು. ಇರುವೆ ಬಂದವು.

"ಒಂದು ಪಾಸು!"

ಸಾರು ಕುದಿಯುವಾಗ ತನ್ನ ಬೆಳ್ಳಿಯ ಕಾಲುಂಗುರ ತೆಗೆದು ಅದರಲ್ಲಿ ಅದ್ದಿದಳು. ಅದು ಕಪ್ಪಾಗಲಿಲ್ಲ.

"ಎರಡು ಪಾಸು!"

ಒಂದು ತುಂಡನ್ನು ಕರಿಬೆಕ್ಕಿಗೆ ಹಾಕಿದಳು. ಬೆಕ್ಕು ಅದನ್ನು ಕಚ್ಚಿಕೊಂಡು ಬೇಲಿ ಹಾರಿ ಹೋಯಿತು.

"ಓಡಿತಲ್ಲ!" ಎಂದಿತು ಗುಂಪಿನಿಂದ ಒಂದು ದನಿ.

"ಶಕ್ತಿ ಬಂದು ಓಡಿತು. ಮೂರು ಪಾಸು!"

ಎಲ್ಲರೂ ನಕ್ಕರು. ಸುಗಂಧಿಯೂ ನಕ್ಕಳು. ಆಮೇಲೆ ಗುರುಗಳು ಹೇಳಿದ್ದು ನೆನಪಾಯಿತು. ವಾಸನೆ ಇಲ್ಲ, ಬಣ್ಣ ಇಲ್ಲ. ಇರುವೆಗೆ, ಬೆಳ್ಳಿಗೆ, ಓಡಿಹೋದ ಬೆಕ್ಕಿಗೆ ಎಂತ ಗೊತ್ತು?

ಚಪ್ಪರದಲ್ಲಿ ಎಲೆ ಹಾಕಿದರು. ಅನ್ನ ಬಂತು, ಉಪ್ಪಿನಕಾಯಿ ಬಂತು. ಕಂಚಿನ ಪಾತ್ರೆಯಲ್ಲಿ ಕೆಂಪು ಸಾರು ಹಬೆಯಾಡುತ್ತಿತ್ತು. ಕೊತ್ತಂಬರಿ, ಹುಣಸೆ, ಬೆಳ್ಳುಳ್ಳಿಯ ಪರಿಮಳಕ್ಕೆ ಎಲ್ಲರ ಮಾತೂ ನಿಂತಿತು.

ಪುರಂದರ ತಂಗಿಯ ಕೈಗೆ ಸೌಟು ಕೊಟ್ಟ. "ಹೊಡೆದವಳೇ ಬಡಿಸಲಿ. ಹೇಳು, ತಿನ್ನಬಹುದಾ?"

ತಮಾಷೆಗೆ ಕೇಳಿದ. ಆದರೆ ಅರವತ್ತು ಮುಖಗಳೂ ಅವಳ ಕಡೆ ತಿರುಗಿದವು.

ಹತ್ತು ವರ್ಷ ಸಾವಿರ ಬಾಗಿಲುಗಳಲ್ಲಿ ಹೇಳಿದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ತಿನ್ನಿ, ಏನೂ ಆಗಲ್ಲ. ಹೇಳಿದ್ದರೆ ಮುಗಿಯುತ್ತಿತ್ತು.

ಅವಳು ಗುರುಗಳನ್ನು ಹುಡುಕಿದಳು. ಅವರು ಹಿಂದಿನ ಸಾಲಿನಿಂದ ಎದ್ದು ಬರುತ್ತಿದ್ದರು. ಬಂದವರೇ ಮೊದಲ ಸಾಲಿನ ಮೊದಲ ಎಲೆಯ ಮುಂದೆ ಕುಳಿತರು. ಎಲೆಯ ಸುತ್ತ ನೀರು ಚಿಮುಕಿಸಿದರು. ಅನ್ನದ ನಡುವೆ ಬೆರಳಿನಿಂದ ಗುಳಿ ಮಾಡಿದರು.

"ನನಗೆ ಮೊದಲು ಹಾಕು," ಎಂದರು.

"ಗುರುಗಳೇ, ನೀವು ದೊಡ್ಡದನ್ನು ತಿನ್ನಲ್ಲ."

"ಶಿಷ್ಯೆ ಬಡಿಸಿದರೆ ತಿಂತೇನೆ. ತಲೆಯ ಹತ್ತಿರದ ತುಂಡು ಹಾಕು. ರಸ ಸ್ವಲ್ಪ ಹೆಚ್ಚು."

ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಪರೀಕ್ಷೆ ಮಾಡುವವರ ಗತ್ತೂ ಇರಲಿಲ್ಲ. ಹಸಿದ ಮುದುಕನೊಬ್ಬ ಊಟಕ್ಕೆ ಕಾದಂತೆ ಕಾಯುತ್ತಿದ್ದರು.

ಸುಗಂಧಿ ಸೌಟು ತುಂಬಿಸಿದಳು. ಬಗ್ಗಿದಳು. ಸೌಟು ಎಲೆಯ ಮೇಲೆ ಒಂದು ಗೇಣು ಎತ್ತರದಲ್ಲಿ ನಿಂತಿತು. ರಸ ಒಂದು ಹನಿ ತೊಟ್ಟಿಕ್ಕಿತು, ಎಲೆಯ ಪಕ್ಕದ ಮಣ್ಣಿಗೆ.

ಅವಳ ಕೈ ಇಳಿಯಲಿಲ್ಲ. ಬೆಳಿಗ್ಗೆ ನಾಲ್ಕೂವರೆ ಅಡಿಯ ಮೀನನ್ನು ಹಿಡಿದೆಳೆದ ಕೈ ಅರ್ಧ ಸೇರು ಸಾರನ್ನು ಇಳಿಸಲಾರದೆ ಹೋಯಿತು.

ಅವಳು ಸೌಟನ್ನು ಪಾತ್ರೆಗೆ ವಾಪಸು ಹಾಕಿ ನೆಟ್ಟಗೆ ನಿಂತಳು.

"ನನಗೆ ಗೊತ್ತಿಲ್ಲ," ಎಂದಳು.

ಮೊದಲ ಸಾಲಿಗೆ ಮಾತ್ರ ಕೇಳಿಸಿತು. ಇನ್ನೊಮ್ಮೆ, ಬೀದಿಯಲ್ಲಿ ಮೀನು ಕೂಗುವ ದನಿಯಲ್ಲಿ ಹೇಳಿದಳು.

"ಈ ಮೀನಿನಲ್ಲಿ ವಿಷ ಉಂಟಾ ಇಲ್ಲವಾ ನನಗೆ ಗೊತ್ತಿಲ್ಲ! ಇರಬಹುದು ಅಂತ ಗೊತ್ತಿದ್ದೇ ಹೊಡೆದೆ. ಮಾತು ಉಳಿಸಿಕೊಳ್ಳಲಿಕ್ಕೆ ಹೊಡೆದೆ. ಯಾರೂ ತಿನ್ನಬೇಡಿ."

ಪುರಂದರನ ಮುಖ ಬಿಳಿಚಿತು. ಅರವತ್ತು ಜನರ ಮುಂದೆ ಬರೀ ಅನ್ನ, ಉಪ್ಪಿನಕಾಯಿ.

"ಅಲ್ಲ ಮಾರಾಯ್ತಿ," ಎಂದಳು ದುಗ್ಗಜ್ಜಿ ಕೊನೆಗೆ, "ಮೂರು ಪಾಸು ಆಗಿತ್ತಲ್ಲ!"

"ಅಜ್ಜಿ, ಹಾಗಾದರೆ ನೀನು ತಿಂತೀಯಾ?"

ದುಗ್ಗಜ್ಜಿ ಪಾತ್ರೆಯ ಕಡೆ ನೋಡಿದಳು. ಮತ್ತೂ ನೋಡಿದಳು.

"ನನಗೆ ಇರುವುದು ನಾಲ್ಕು ಹಲ್ಲು," ಎಂದಳು. "ಮುಳ್ಳು ಆಗಲ್ಲ."

ಮೊದಲು ನಕ್ಕದ್ದು ಯಾರೋ ಮೂಲೆಯಲ್ಲಿದ್ದವರು. ಆಮೇಲೆ ಇಡೀ ಚಪ್ಪರವೇ ನಕ್ಕಿತು. ದುಗ್ಗಜ್ಜಿಯೂ ನಾಲ್ಕು ಹಲ್ಲು ತೋರಿಸಿ ನಕ್ಕಳು. ಪುರಂದರ ಮಾತ್ರ ನಗಲಿಲ್ಲ. ಅವನು ಹೊಸ ದೋಣಿಯ ಕಡೆ ನೋಡುತ್ತಿದ್ದ.

"ನೀರಿಗಿಳಿಸುವುದು ಊಟ ಆದ ಮೇಲೆ ಅಂತಲ್ಲವಾ ಇದ್ದದ್ದು?" ಎಂದ.

"ಹೌದು."

"ಊಟಕ್ಕೆ ಮೊದಲೇ ಇಳಿಸೋಣ, ಬಲೆ ಹಾಕೋಣ. ಏಳಿ!"

*

ಹಸಿದ ಅರವತ್ತು ಜನ ಭುಜ ಕೊಟ್ಟರೆ ದೋಣಿ ಎಷ್ಟು ಬೇಗ ನೀರಿಗೆ ಹೋಗುತ್ತದೆ ಎನ್ನುವುದನ್ನು ಆ ಕೇರಿ ಅವತ್ತು ನೋಡಿತು. ಪೂಜೆಯ ತೆಂಗಿನಕಾಯಿ ಒಡೆಯುವಷ್ಟರಲ್ಲಿ ಅದು ಅಲೆಯ ಮೇಲಿತ್ತು. ಪುರಂದರ ಒಡೆದ ಹೋಳುಗಳನ್ನು ಹಿಡಿದುಕೊಂಡೇ ಹತ್ತಿದ.

ಸುಗಂಧಿ ಚಪ್ಪರದ ಹಿಂದೆ ಗುಂಡಿ ತೋಡಿದಳು. ನಾಯಿ, ಬೆಕ್ಕು ಕೆದಕದಷ್ಟು ಆಳಕ್ಕೆ, ಸೊಂಟದವರೆಗೆ. ಗುರುಗಳು ಮೇಲಿನಿಂದ ಮಣ್ಣು ಎಳೆದುಕೊಂಡರು. ಅವಳು ಪಾತ್ರೆ ಬಗ್ಗಿಸಿದಳು. ಕೆಂಪು ಸಾರು, ಬಿಳಿ ತುಂಡುಗಳು, ಉದ್ದ ದವಡೆ, ಎಲ್ಲ ಹೋಯಿತು.

ಅವಳಿಗೆ ಅಳು ಬಂತು. ನಾಚಿಕೆಗಲ್ಲ. ಅವನು ನೆರಳಿನಲ್ಲಿ ನಿಂತದ್ದು ನೆನಪಾಗಿ.

"ಸುಮ್ಮನೆ ಕೊಂದೆ," ಎಂದಳು.

"ಹೌದು," ಎಂದರು ಗುರುಗಳು. ಸಮಾಧಾನ ಹೇಳಲಿಲ್ಲ. ಮಣ್ಣು ಮುಚ್ಚಲು ಜೊತೆಗೆ ಕೈ ಹಾಕಿದರು.

ಮೂರು ಗಂಟೆಯ ಹೊತ್ತಿಗೆ ಹೊಸ ದೋಣಿ ತಿರುಗಿ ಬಂತು. ಮೊದಲ ಬಲೆಗೇ ತಾರ್ಲೆ ಬಿದ್ದಿತ್ತು. ಅಂಗೈ ಉದ್ದದ ಮೀನು, ದೋಣಿಯ ತಳ ಕಾಣದಷ್ಟು. ದುಗ್ಗಜ್ಜಿ ಕೂಗಿ ಕೂಗಿ ಎಲ್ಲರ ಕೈಯಲ್ಲೂ ಮೀನು ತೊಳೆಸಿದಳು. ಹೆಂಚು ಸಾಲದೆ ಮೂರು ಮನೆಯಿಂದ ತರಿಸಿದರು. ಖಾರ ಹಚ್ಚಿ ಹುರಿದ ತಾರ್ಲೆಗೆ ಆ ಹಸಿವಿನಲ್ಲಿ ಇದ್ದ ರುಚಿ ಮತ್ತೆ ಯಾವ ಊಟಕ್ಕೂ ಬರಲಿಲ್ಲ ಎಂದು ಅವತ್ತು ಉಂಡವರು ಈಗಲೂ ಹೇಳುತ್ತಾರೆ.

ಗುರುಗಳು ಹದಿನೇಳು ತಿಂದರು. ಬಡಿಸಿದವಳು ಸುಗಂಧಿ. ಕೈ ಎಲ್ಲೂ ನಿಲ್ಲಲಿಲ್ಲ.

*

ಆದರೆ ಕೇರಿ ಸುಮ್ಮನಿರುತ್ತದೆಯೇ?

ಮರುದಿನವೇ ಶುರುವಾಯಿತು. ಅಷ್ಟು ಒಳ್ಳೆ ಮೀನನ್ನು ಹುಗಿದುಬಿಟ್ಟಳಲ್ಲ ಎಂದರು. ವಿಷವೂ ಇಲ್ಲ, ಎಂತದೂ ಇಲ್ಲ, ಮುದುಕ ಹೆದರಿಸಿದ್ದು ಎಂದರು. ಬೆಕ್ಕು ಆರಾಮಾಗಿ ಇದೆ ಎಂದು ದುಗ್ಗಜ್ಜಿ ಒಂದು ಕರಿಬೆಕ್ಕನ್ನು ಎತ್ತಿ ತೋರಿಸಿದಳು. ಆ ಕೇರಿಯಲ್ಲಿ ಕರಿಬೆಕ್ಕು ಮೂರಿದ್ದವು. ತಿಂದದ್ದು ಯಾವುದು ಎಂದು ಕೇಳಿದರೆ ಅವಳಿಗೂ ಹೇಳಲಾಗಲಿಲ್ಲ.

ಒಂದು ವಾರ ಸುಗಂಧಿ ಸಹಿಸಿದಳು. ಎಂಟನೆಯ ದಿನ ಮಧ್ಯಾಹ್ನ ಹೊಳೆಯ ದಡದಲ್ಲಿ ಗುರುಗಳು ಈಟಿಗೆ ಹೊಸ ರಬ್ಬರು ಕಟ್ಟುತ್ತಿದ್ದರು. ಅವಳು ಬಂದು ಪಕ್ಕದಲ್ಲಿ ಕೂತಳು.

"ನಾನು ಬಡಿಸಿದ್ದರೆ ನೀವು ನಿಜಕ್ಕೂ ತಿನ್ನುತ್ತಿದ್ದಿರಾ?"

"ನೀನು ಸೌಟು ಹಿಡಿದು ನಿಂತುಬಿಟ್ಟದ್ದು ನನಗೆ ಹಿಂದಿನ ಸಾಲಿಗೇ ಕಾಣುತ್ತಿತ್ತು."

"ಅದು ಉತ್ತರ ಅಲ್ಲ."

"ಹಸಿವೂ ಆಗಿತ್ತು," ಎಂದರು ಗುರುಗಳು.

ಅವಳು ಒಂದು ಕಲ್ಲೆತ್ತಿ ಹೊಳೆಗೆ ಎಸೆದಳು.

"ಅದರಲ್ಲಿ ವಿಷ ಇತ್ತಾ ಗುರುಗಳೇ?"

"ಗೊತ್ತಿಲ್ಲ."

"ಇತ್ತು ಅಂತಾದರೆ ನಾನು ಮಾಡಿದ್ದು ಸರಿ. ಇರಲಿಲ್ಲ ಅಂತಾದರೆ ನಾನು ಊರಿನ ಮುಂದೆ ಪೆದ್ದಿ. ಎರಡರಲ್ಲಿ ಯಾವುದು ಅಂತ ತಿಳಿಯದೆ ನನಗೆ ಅನ್ನ ಸೇರುವುದಿಲ್ಲ."

ಗುರುಗಳು ರಬ್ಬರಿನ ಗಂಟು ಎಳೆದು ನೋಡಿದರು. ಈಟಿಯನ್ನು ಮರಳ ಮೇಲಿಟ್ಟರು.

"ನನಗೆ ಒಂದು ಸಲ ಗೊತ್ತಾಗಿತ್ತು," ಎಂದರು.

ಅವಳು ತಿರುಗಿ ನೋಡಿದಳು.

"ನಿನ್ನಷ್ಟೇ ವಯಸ್ಸು. ಅದೇ ಬಂಡೆ. ಅಂಥದ್ದೇ ಮೀನು, ಒಂದು ಗೇಣು ಹೆಚ್ಚೇ ಇದ್ದೀತು. ಹೊಳೆಯಾಚೆ ಹೆಂಡತಿಯ ಊರಿನ ದಡದಲ್ಲಿ ಹನ್ನೊಂದು ಜನ. ತಿನ್ನಬಹುದಾ ಜಟ್ಟಿ ಅಂತ ಕೇಳಿದರು. ತಿನ್ನಿ, ಏನೂ ಆಗಲ್ಲ ಅಂದೆ."

"ಆಮೇಲೆ?"

"ಸಂಜೆಗೆ ಎಲ್ಲರ ತುಟಿಯೂ ಜೋಮು ಹಿಡೀತು. ವಾಂತಿ, ಭೇದಿ. ತಣ್ಣೀರು ಮುಟ್ಟಿದರೆ ಕೆಂಡ ಮುಟ್ಟಿದ ಹಾಗೆ ಅಂತ ಕಿರುಚಿದರು. ಎತ್ತಿನ ಗಾಡಿ ಮಾಡಿ ಆಸ್ಪತ್ರೆಗೆ ಸಾಗಿಸಿದೆವು. ಯಾರೂ ಸಾಯಲಿಲ್ಲ. ಅದು ನನ್ನ ಬುದ್ಧಿಯಿಂದ ಅಲ್ಲ."

ಹೊಳೆಯ ನೀರು ಇಳಿಯುತ್ತಿತ್ತು. ಗುರುಗಳು ಅದರ ಕಡೆಯೇ ನೋಡುತ್ತಾ ಹೇಳಿದರು.

"ಆ ಹನ್ನೊಂದರಲ್ಲಿ ನನ್ನ ಹೆಂಡತಿಯ ಅಣ್ಣ ಒಬ್ಬನಿದ್ದ, ಭೈರಪ್ಪಣ್ಣ ಅಂತ. ಕಡಲಲ್ಲೇ ಹುಟ್ಟಿದವನ ಹಾಗೆ ಈಜುತ್ತಿದ್ದ. ಆಮೇಲೆ ಎರಡು ವರ್ಷ ನೀರಿಗೆ ಕಾಲಿಡಲಿಲ್ಲ. ಮಳೆ ಬಂದರೆ ಒಳಗೆ ಓಡುತ್ತಿದ್ದ. ಒಂದು ದಿನವೂ ನನಗೆ ಬೈಯಲಿಲ್ಲ. ನಾನು ಅವನ ಮನೆ ಮುಂದಿನ ದಾರಿಯನ್ನೇ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೆ."

ದೂರದಲ್ಲಿ ಪುರಂದರನ ದೋಣಿ ಹೊಳೆಯ ಬಾಯಿಗೆ ಬರುತ್ತಿತ್ತು. ಅದರಲ್ಲಿದ್ದವರಲ್ಲಿ ಯಾರೋ ಕೆಟ್ಟ ರಾಗದಲ್ಲಿ ಹಾಡುತ್ತಿದ್ದರು, ಉಳಿದವರು ನಗುತ್ತಿದ್ದರು. ದಡದಲ್ಲಿ ದುಗ್ಗಜ್ಜಿ ಸೊಂಟಕ್ಕೆ ಕೈ ಇಟ್ಟು ನಿಂತು ಅವರಿಗೆ ಏನೋ ಬೈಯುತ್ತಿದ್ದಳು.

"ಹಾಗಾದರೆ ನಾನು ಹೊಡೆದ ಮೀನಿನ ವಿಷಯ," ಎಂದಳು ಸುಗಂಧಿ, "ನನಗೆ ಯಾವತ್ತೂ ಗೊತ್ತಾಗುವುದಿಲ್ಲ."

"ಇಲ್ಲ," ಎಂದು ಗುರುಗಳು ಈಟಿ ಎತ್ತಿ ಅವಳ ಕೈಗೆ ಕೊಟ್ಟು, ಮರಳು ಕೊಡವಿಕೊಂಡು ಎದ್ದರು. "ತಿನ್ನಿಸಿ ಗೊತ್ತು ಮಾಡಿಕೊಂಡವನು ಈ ಊರಿಗೆ ನಾನೊಬ್ಬ ಸಾಕು."